ನೆಟ್ ಇಲ್ಲದ ಮನೆಗೂ ಕಡತ ತಲುಪುತ್ತದೆ

ಫೋನ್ ಮತ್ತು ಕಂಪ್ಯೂಟರುಗಳಲ್ಲಿರುವ ಕಡತಗಳನ್ನು ತಾನಾಗಿಯೇ ಒಂದೇ ಸಮನಾಗಿ ಇಡುವ ‘ಸಿಂಕ್’ ತಂತ್ರಾಂಶಗಳ ಕುರಿತು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದಕ್ಕೆ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆಯ್ದು ಈ ಸಲದ ಅಂಕಣವನ್ನು ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಕಾರವಾರದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಮನೆ ಶಿರಸಿ ತಾಲೂಕಿನ ಹಳ್ಳಿಯಲ್ಲಿದೆ. ಶನಿವಾರ ದೇವಿಮನೆ ಘಟ್ಟ ಹತ್ತಿ ಹೋದವಳು ಸೋಮವಾರ ಬೆಳಗ್ಗೆ ಇಳಿದು ಬರುತ್ತೇನೆ. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇನೆ. ಯಾವ ಪ್ರತಿ ಹೊಸದು ಎಂಬುದು ತಿಳಿಯದೆ ಒಮ್ಮೆ ಹಳೆಯ ಅಂಕಪಟ್ಟಿಯನ್ನು ಹೊಸದರ ಮೇಲೆ ಹಾಕಿಬಿಟ್ಟೆ. ಮಳೆಗಾಲದಲ್ಲಿ ಊರಿನಲ್ಲಿ ನೆಟ್‌ವರ್ಕ್ ಇರುವುದೇ ಇಲ್ಲವಾದ್ದರಿಂದ ಗೂಗಲ್ ಡ್ರೈವ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೇರೆ ದಾರಿ ಉಂಟೇ?

ಉತ್ತರ: ಉಂಟು. ಆ ದಾರಿ ನಿಮ್ಮ ಕೈಚೀಲದಲ್ಲೇ ಇದೆ. ನಿಮ್ಮ ಫೋನನ್ನು ಅಂಚೆಯಣ್ಣನನ್ನಾಗಿ ಮಾಡಿಕೊಳ್ಳಿ.

ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ಸೇವೆಗಳಲ್ಲಿ ಕಡತ ಮೊದಲು ಎಲ್ಲೋ ದೂರದ ಸರ್ವರ್‌ಗೆ ಹೋಗಿ ಅಲ್ಲಿಂದ ನಿಮ್ಮ ಇನ್ನೊಂದು ಯಂತ್ರಕ್ಕೆ ಬರುತ್ತದೆ. ಮೇಜಿನ ಮೇಲೆ ಅಕ್ಕಪಕ್ಕದಲ್ಲೇ ಇಟ್ಟ ಎರಡು ಯಂತ್ರಗಳಿಗೂ ಸಾಮಾನ್ಯವಾಗಿ ಇದೇ ಸುತ್ತು. ಇದಕ್ಕೆ ಬದಲಾಗಿ ಯಂತ್ರದಿಂದ ಯಂತ್ರಕ್ಕೆ ನೇರವಾಗಿ ಕಡತ ಸಾಗಿಸುವ ತಂತ್ರಾಂಶಗಳಿವೆ. ಅವುಗಳಲ್ಲಿ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಸಿಂಕ್‌ಥಿಂಗ್. ಇದು 2013ರಿಂದ ಬೆಳೆದುಬಂದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಆಂಡ್ರಾಯ್ಡ್‌ಗಿದ್ದ ಮೂಲ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಈಗ ಮುಕ್ತ ಆ್ಯಪ್‌ಗಳ ಎಫ್-ಡ್ರಾಯ್ಡ್ ಎಂಬ ಭಂಡಾರದಲ್ಲಿ ಸಿಗುವ ‘ಸಿಂಕ್‌ಥಿಂಗ್-ಫೋರ್ಕ್’ ಎಂಬುದನ್ನು ಹಾಕಿಕೊಳ್ಳಬೇಕು.

ನಿಮ್ಮಲ್ಲಿ ಮೂರು ಯಂತ್ರಗಳಿವೆ ಎಂದು ಭಾವಿಸುತ್ತೇನೆ: ಕಾರವಾರದ ಕೋಣೆಯ ಲ್ಯಾಪ್‌ಟಾಪ್, ಹಳ್ಳಿಮನೆಯ ಕಂಪ್ಯೂಟರ್ ಮತ್ತು ಎರಡೂ ಕಡೆ ನಿಮ್ಮೊಂದಿಗೆ ಇರುವ ಫೋನ್. ‘ಕಾಲೇಜು’ ಎಂಬ ಒಂದು ಫೋಲ್ಡರನ್ನು ಫೋನಿಗೂ ಲ್ಯಾಪ್‌ಟಾಪಿಗೂ ನಡುವೆ ಹಂಚಿ. ಅದೇ ಫೋಲ್ಡರನ್ನು ಫೋನಿಗೂ ಮನೆಯ ಕಂಪ್ಯೂಟರಿಗೂ ನಡುವೆ ಹಂಚಿ. ಪ್ರತಿ ಯಂತ್ರಕ್ಕೂ ಉದ್ದನೆಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕ್ಯೂಆರ್ ಚಿತ್ರವಾಗಿ ಪರದೆಯ ಮೇಲೆ ತೆರೆದು ಫೋನಿನ ಕ್ಯಾಮೆರಾ ಹಿಡಿದರೆ ಪರಿಚಯ ಮುಗಿಯಿತು; ಎರಡೂ ಕಡೆ ಒಪ್ಪಿಗೆ ಕೊಡದ ಹೊರತು ಯಾವ ಯಂತ್ರವೂ ಇನ್ನೊಂದರ ಕಡತವನ್ನು ಮುಟ್ಟಲಾರದು. ಶುಕ್ರವಾರ ರಾತ್ರಿ ಕಾರವಾರದಲ್ಲಿ ಫೋನ್ ಮತ್ತು ಲ್ಯಾಪ್‌ಟಾಪ್ ಒಂದೇ ವೈಫೈನಲ್ಲಿದ್ದಾಗ ನೀವು ತಿದ್ದಿದ್ದೆಲ್ಲ ಫೋನಿಗೆ ಇಳಿಯುತ್ತದೆ. ಶನಿವಾರ ಸಂಜೆ ಮನೆ ತಲುಪಿ ಫೋನನ್ನು ಚಾರ್ಜಿಗೆ ಹಾಕಿದಾಗ, ನೀವು ಕೈಕಾಲು ತೊಳೆದು ಚಹಾ ಕುಡಿಯುವಷ್ಟರಲ್ಲಿ ಅದು ಮನೆಯ ಕಂಪ್ಯೂಟರಿಗೆ ಸೇರಿರುತ್ತದೆ. ಎರಡು ಕಂಪ್ಯೂಟರುಗಳು ಒಂದನ್ನೊಂದು ಎಂದೂ ನೋಡಿಲ್ಲವಾದರೂ ಅವುಗಳಲ್ಲಿರುವುದು ಒಂದೇ.

ಇದಕ್ಕೆ ಮನೆಯಲ್ಲಿ ಇಂಟರ್‌ನೆಟ್ ಬೇಕಿಲ್ಲ, ವೈಫೈ ಮಾತ್ರ ಸಾಕು. ಇವೆರಡೂ ಒಂದೇ ಎಂಬ ತಿಳಿವಳಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ನೆಟ್ ಸಂಪರ್ಕ ಕಡಿದ ಮೇಲೆ ರೂಟರನ್ನು ಅಟ್ಟಕ್ಕೆ ಹಾಕಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಹಳೆಯ ರೂಟರನ್ನು ಕೆಳಗಿಳಿಸಿ ಧೂಳು ಒರೆಸಿ ಇನ್ವರ್ಟರಿನ ಸಾಲಿಗೆ ಸಿಕ್ಕಿಸಿ. ಹೊರಗಿನ ತಂತಿ ಇಲ್ಲದಿದ್ದರೂ ಅದು ಮನೆಯೊಳಗಿನ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ರೂಟರ್ ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ತೆರೆದು ಕಂಪ್ಯೂಟರನ್ನು ಅದಕ್ಕೆ ಸೇರಿಸಬಹುದು. ಆಗ ಆ್ಯಪ್‌ನಲ್ಲಿ ‘ವೈಫೈ ಇದ್ದಾಗ ಮಾತ್ರ ನಡೆಯಲಿ’ ಎಂಬ ಷರತ್ತನ್ನು ತಾತ್ಕಾಲಿಕವಾಗಿ ತೆಗೆಯಬೇಕಾಗಬಹುದು. ಉಳಿದ ದಿನಗಳಲ್ಲಿ ಆ ಷರತ್ತು ಇರಲಿ, ಇಲ್ಲವಾದರೆ ಮೊಬೈಲ್ ಡೇಟಾ ಖರ್ಚಾಗುತ್ತದೆ.

ಕರೆಂಟ್ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಸಹಜವಾಗಿಯೇ ಬರುತ್ತದೆ. ಈ ತಂತ್ರಾಂಶ ಕಡತವನ್ನು ತುಂಡುಗಳಾಗಿ ಕತ್ತರಿಸಿಕೊಂಡು (ಕಡತದ ಗಾತ್ರಕ್ಕೆ ತಕ್ಕಂತೆ 128 ಕೆಬಿಯಿಂದ 16 ಎಂಬಿವರೆಗೆ) ಪ್ರತಿ ತುಂಡಿಗೂ ಲೆಕ್ಕದ ಒಂದು ಮುದ್ರೆ ಒತ್ತಿ, ಇನ್ನೊಂದು ಕಡೆ ಇಲ್ಲದ ತುಂಡುಗಳನ್ನಷ್ಟೇ ಕಳಿಸುತ್ತದೆ. ಎಲ್ಲ ತುಂಡುಗಳೂ ಬಂದು ಮುದ್ರೆ ತಾಳೆಯಾದ ಮೇಲೆಯೇ ಹಳೆಯ ಕಡತದ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಆದ್ದರಿಂದ ನಡುವೆ ಕರೆಂಟ್ ಹೋದರೆ ಅರ್ಧಂಬರ್ಧ ಅಂಕಪಟ್ಟಿ ನಿಮ್ಮ ಕೈಗೆ ಬರುವುದಿಲ್ಲ. ಹಳೆಯದೇ ಉಳಿದು, ಕರೆಂಟ್ ಬಂದಾಗ ನಿಂತಲ್ಲಿಂದ ಕೆಲಸ ಮುಂದುವರಿಯುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಫೋನ್ ಬಂದು ಮುಟ್ಟುವ ಮೊದಲೇ ಒಂದೇ ಕಡತವನ್ನು ಎರಡೂ ಕಂಪ್ಯೂಟರುಗಳಲ್ಲಿ ತಿದ್ದಿದರೆ ತಂತ್ರಾಂಶ ಎರಡನ್ನೂ ಉಳಿಸಿಕೊಳ್ಳುತ್ತದೆ: ಯಾವುದರ ತಿದ್ದುಪಡಿಯ ಸಮಯ ಹಿಂದಿನದೋ ಅದಕ್ಕೆ ‘ಸಿಂಕ್-ಕಾನ್‌ಫ್ಲಿಕ್ಟ್’ (ಸಿಂಕ್ ಘರ್ಷಣೆ) ಎಂಬ ಬಾಲವನ್ನೂ ದಿನಾಂಕವನ್ನೂ ಸೇರಿಸಿ ಪಕ್ಕಕ್ಕಿಡುತ್ತದೆ. ಇಲ್ಲಿ ಕಂಪ್ಯೂಟರಿನ ಗಡಿಯಾರ ಸರಿಯಾಗಿರಬೇಕು. ಹಳೆಯ ಕಂಪ್ಯೂಟರಿನೊಳಗಿನ ನಾಣ್ಯದಾಕಾರದ ಸೆಲ್ ಸತ್ತಿದ್ದರೆ ಪ್ರತಿ ಬಾರಿ ಕರೆಂಟ್ ಹೋಗಿ ಬಂದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ನೆಟ್ ಇದ್ದರೆ ಅದು ತನ್ನಷ್ಟಕ್ಕೇ ಸರಿಹೋಗುತ್ತಿತ್ತು, ನಿಮ್ಮಲ್ಲಿ ಅದಿಲ್ಲ. ಆ ಸೆಲ್ಲನ್ನು ಮೊದಲು ಬದಲಿಸಿ. ವಿದ್ಯಾರ್ಥಿಗಳ ಅಂಕಗಳು ಫೋನಿನಲ್ಲಿ ಇರುತ್ತವಾದ್ದರಿಂದ ಫೋನಿಗೆ ಬೀಗವನ್ನೂ ಹಾಕಿಡಿ.

ಪ್ರಶ್ನೆ: ನಾವು ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರು. ಔಷಧಿ ಹೊಡೆದ ದಿನ, ಆಳುಗಳ ಹಾಜರಿ, ಬಿದ್ದ ಮಳೆ ಎಲ್ಲವನ್ನೂ ನಾನು ನನ್ನ ಫೋನಿನಲ್ಲೂ ಮನೆಯವಳು ಅವಳ ಫೋನಿನಲ್ಲೂ ಬರೆದುಕೊಳ್ಳುತ್ತೇವೆ. ಇಬ್ಬರದೂ ಒಂದೇ ಕಡೆ ಸೇರುವಂತೆ ಮಾಡಬಹುದೇ?

ಉತ್ತರ: ಮಾಡಬಹುದು. ನನಗೆ ಬಂದ ಪತ್ರಗಳಲ್ಲೆಲ್ಲ ಬಹಳ ಸಂತೋಷ ಕೊಟ್ಟ ಪತ್ರ ಇದು. ಇಬ್ಬರೂ ಒಂದೇ ಕಡತದಲ್ಲಿ ಬರೆಯುವ ಆಸೆಯನ್ನು ಮಾತ್ರ ಬಿಡಿ. ಮೇಲೆ ಹೇಳಿದ ಘರ್ಷಣೆ ದಿನಕ್ಕೆರಡು ಸಲ ಆಗುತ್ತದೆ. ‘ತೋಟ’ ಎಂಬ ಫೋಲ್ಡರನ್ನು ಇಬ್ಬರ ಫೋನಿಗೂ ಮನೆಯ ಕಂಪ್ಯೂಟರಿಗೂ ಹಂಚಿ, ಅದರೊಳಗೆ ಪ್ರತಿಯೊಬ್ಬರೂ ತಮ್ಮದೇ ಕಡತದಲ್ಲಿ ಬರೆಯಲಿ: ನಿಮ್ಮದು ‘ಔಷಧಿ’ ಮತ್ತು ‘ಹಾಜರಿ’, ಅವರದು ‘ಮಳೆ’ ಮತ್ತು ‘ಕೊಯ್ಲು’. ಓದುವ ಹಕ್ಕು ಇಬ್ಬರಿಗೂ ಎಲ್ಲದರ ಮೇಲೂ ಇರುತ್ತದೆ. ಒಂದು ಕಡತಕ್ಕೆ ಬರೆಯುವ ಕೈ ಒಂದೇ. ಈ ಒಂದು ಕಟ್ಟುಪಾಡು ಹಾಕಿಕೊಂಡ ಮನೆಗಳಲ್ಲಿ ಗೊಂದಲ ಆದದ್ದನ್ನು ನಾನು ಕಂಡಿಲ್ಲ.

ಕಡತ ಆದಷ್ಟು ಸರಳವಾದ ಪಠ್ಯವಾಗಿರಲಿ. ನನ್ನ ಪರಿಚಯದ ತೋಟವೊಂದರ ದಿನಚರಿಯಲ್ಲಿ ಒಂದು ದಿನದ ಬರಹ ಇಷ್ಟೇ ಇರುತ್ತದೆ: ‘ಕೆಳಗಿನ ತೋಟ. ಬೋರ್ಡೋ ಶೇಕಡಾ 1. ಎರಡನೆಯ ಸಲ. ಮಧ್ಯಾಹ್ನದ ಮೇಲೆ ಮಳೆ, ನಾಲ್ಕು ಸಾಲು ಬಾಕಿ.’ ಕೊಳೆರೋಗಕ್ಕೆ ಮಳೆಗಾಲ ಹಿಡಿಯುವ ಹೊತ್ತಿಗೆ ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ (ಮೈಲುತುತ್ತು ಮತ್ತು ಸುಣ್ಣದ ದ್ರಾವಣ) ಸಿಂಪಡಿಸುವುದು ವಾಡಿಕೆ. ಮೊದಲ ಸಲದ ತಾರೀಕು ಮರೆತರೆ ಎರಡನೆಯದರ ಲೆಕ್ಕವೂ ತಪ್ಪುತ್ತದೆ. ಬಾಕಿ ಉಳಿದ ಆ ನಾಲ್ಕು ಸಾಲಿನ ಸುದ್ದಿ ಸಂಜೆ ಮನೆಯ ವೈಫೈಗೆ ಬಂದ ಕೂಡಲೇ ಇನ್ನೊಂದು ಫೋನಿನಲ್ಲಿ ಕಾಣುವುದರಿಂದ, ಮಾರನೆಯ ದಿನ ಯಜಮಾನರು ಶಿರಸಿ ಪೇಟೆಗೆ ಹೋಗಿದ್ದರೂ ಆಳುಗಳಿಗೆ ಕೆಲಸ ಹೇಳುವುದಕ್ಕೆ ತೊಂದರೆಯಾಗುವುದಿಲ್ಲ. ಕೊಳೆ ಹಿಡಿದ ಅಡಿಕೆ ಗೊನೆಯ ಫೋಟೋಗಳನ್ನು ಅದೇ ಫೋಲ್ಡರಿಗೆ ಹಾಕುತ್ತಾ ಹೋದರೆ, ರೋಗ ಪ್ರತಿ ವರ್ಷ ತೋಟದ ಯಾವ ಮೂಲೆಯಿಂದ ಶುರುವಾಗುತ್ತದೆ ಎಂಬುದನ್ನು ಮೂರು ನಾಲ್ಕು ವರ್ಷದಲ್ಲಿ ನೀವೇ ಗುರುತಿಸಬಲ್ಲಿರಿ.

ಪ್ರಶ್ನೆ: ಹೊನ್ನಾವರದವನು. ಯಕ್ಷಗಾನದ ಹುಚ್ಚು. ಆಟಕ್ಕೆ ಹೋದಲ್ಲೆಲ್ಲ ಫೋನಿನಲ್ಲಿ ಚಿತ್ರೀಕರಿಸುತ್ತೇನೆ. ಫೋನ್ ತುಂಬಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಚಿತ್ರ ಮಸುಕಾಗುತ್ತದೆ. ಪೆನ್‌ಡ್ರೈವ್ ದೊಡ್ಡ ಕಡತವನ್ನು ತೆಗೆದುಕೊಳ್ಳುವುದೇ ಇಲ್ಲ.

ಉತ್ತರ: ಪೆನ್‌ಡ್ರೈವ್ ನಿರಾಕರಿಸುವುದಕ್ಕೆ ಕಾರಣ ಅದರೊಳಗೆ ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಹಳೆಯ ವ್ಯವಸ್ಥೆ. ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಎಂಬ ಹೊಸ ವ್ಯವಸ್ಥೆಗೆ ಬದಲಿಸಿದರೆ ಹಿಡಿಸುತ್ತದೆ, ಆದರೆ ನಿಮಗೆ ಅದಕ್ಕಿಂತ ಅನುಕೂಲವಾದ ಉಪಾಯವೊಂದಿದೆ.

ಸಿಂಕ್ ತಂತ್ರಾಂಶದಲ್ಲಿ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ ಎಂಬುದನ್ನು ಎಲ್ಲರೂ ದೋಷವೆಂದೇ ಹೇಳುತ್ತಾರೆ. ನೀವು ಅದನ್ನೇ ಕೆಲಸಕ್ಕೆ ಹಚ್ಚಿ. ಫೋನಿನಲ್ಲಿ ‘ಆಟ’ ಎಂಬ ಫೋಲ್ಡರ್ ಮಾಡಿ, ಅದನ್ನು ಎರಡೂ ಕಡೆಯಿಂದ ಬದಲಾಯಿಸಬಹುದಾದ ರೀತಿಯಲ್ಲಿ ಕಂಪ್ಯೂಟರಿನೊಂದಿಗೆ ಹಂಚಿಕೊಳ್ಳಿ. ಆಟ ಮುಗಿಸಿ ಬೆಳಗ್ಗೆ ಮನೆಗೆ ಬಂದು, ಆ ರಾತ್ರಿಯ ಚಿತ್ರಿಕೆಗಳನ್ನು ಅದಕ್ಕೆ ಸರಿಸಿ ಮಲಗಿ. ನೀವು ಏಳುವ ಹೊತ್ತಿಗೆ ಅವು ಮೂಲದ ಸ್ಪಷ್ಟತೆಯಲ್ಲೇ ಕಂಪ್ಯೂಟರಿಗೆ ಇಳಿದಿರುತ್ತವೆ. ಪರದೆಯಲ್ಲಿ ಫೋಲ್ಡರಿನ ಮುಂದೆ ‘ಅಪ್ ಟು ಡೇಟ್’ ಎಂದು ಬಂದಿರುವುದನ್ನು ನೋಡಿ, ಒಂದೆರಡು ಚಿತ್ರಿಕೆಗಳನ್ನು ತೆರೆದು ಕೊನೆಯವರೆಗೂ ಓಡುತ್ತವೆಯೇ ಎಂದು ಪರೀಕ್ಷಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಅವುಗಳನ್ನು ‘ಆಟ’ದಿಂದ ಎತ್ತಿ ಹಂಚಿಕೆಯ ಹೊರಗಿರುವ ‘ಕಣಜ’ ಎಂಬ ಫೋಲ್ಡರಿಗೆ ಹಾಕಿ. ‘ಆಟ’ದಲ್ಲಿ ಅವು ಇಲ್ಲವಾದ್ದರಿಂದ ಫೋನಿನಿಂದಲೂ ತಾವಾಗಿಯೇ ಹೋಗುತ್ತವೆ. ಫೋನ್ ಖಾಲಿಯಾಗುತ್ತದೆ, ಕಣಜ ತುಂಬುತ್ತದೆ. ಒಂದೊಂದನ್ನೇ ಒತ್ತಿ ಅಳಿಸುತ್ತಾ ಕೂರುವ ಕೆಲಸ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಂಪ್ಯೂಟರಿಗೆ ಸೇರದೇ ಇದ್ದದ್ದನ್ನು ಕೈತಪ್ಪಿನಿಂದ ಅಳಿಸುವ ಸಂಭವ ತಪ್ಪುತ್ತದೆ.

ಆದರೆ ಕಣಜಕ್ಕೆ ಹೋದ ಮೇಲೆ ಆ ಚಿತ್ರಿಕೆ ಜಗತ್ತಿನಲ್ಲಿ ಒಂದೇ ಪ್ರತಿಯಾಗಿ ಉಳಿಯುತ್ತದೆ. ಹೊರಗಿನ ಹಾರ್ಡ್‌ಡಿಸ್ಕಿಗೆ ಇನ್ನೊಂದು ಪ್ರತಿ ಮಾಡಿ. ಕಲಾವಿದರ ಮತ್ತು ಮೇಳದವರ ಒಪ್ಪಿಗೆ ಕೇಳಿಯೇ ಚಿತ್ರೀಕರಿಸಿ ಎಂದೂ ವಿನಂತಿಸುತ್ತೇನೆ. ಹಿರಿಯ ಭಾಗವತರೊಬ್ಬರ ಪದ್ಯ ಅವರ ಕಾಲದ ನಂತರ ನಿಮ್ಮ ಕಣಜದಲ್ಲಿ ಮಾತ್ರ ಉಳಿದಿರಬಹುದು. ಅಂಥದ್ದು ಅವರಿಗೆ ತಿಳಿದೇ ಉಳಿಯಬೇಕು.

ಪ್ರಶ್ನೆ: ಗಂಗಾವಳಿ ನದಿಯ ಹತ್ತಿರ ಅಂಕೋಲಾ ತಾಲೂಕಿನಲ್ಲಿ ನಮ್ಮ ಮನೆ. 2019ರ ನೆರೆಯಲ್ಲಿ ಕಾಗದಪತ್ರಗಳು ಹೋದವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಪ್ರತಿ ಮಳೆಗೂ ಹೆದರಿಕೆ. ಈಗ ಎಲ್ಲವನ್ನೂ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿ ಫೋನಿಗೂ ಸಿಂಕ್ ಮಾಡಿದ್ದೇನೆ. ಇನ್ನು ಚಿಂತೆ ಇಲ್ಲ ಎನ್ನಬಹುದೇ?

ಉತ್ತರ: ಎನ್ನುವಂತಿಲ್ಲ. ಎರಡು ಕಾರಣ ಹೇಳುತ್ತೇನೆ.

ಮೊದಲನೆಯದನ್ನು ನಾನು ಅನುಭವಿಸಿಯೇ ಕಲಿತೆ. ನಮ್ಮ ಅಜ್ಜಿ ಹೇಳುತ್ತಿದ್ದ ಮದುವೆಯ ಹಾಡುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಲ್ಯಾಪ್‌ಟಾಪಿಗೆ ಸಿಂಕ್ ಮಾಡಿಟ್ಟಿದ್ದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ, ಫೋನಿನಲ್ಲಿ ಹೇಗೂ ಇದೆಯಲ್ಲ ಎಂದು ಆ ಫೋಲ್ಡರನ್ನು ಖಾಲಿ ಮಾಡಿದೆ. ಸಂಜೆ ಫೋನ್ ತೆರೆದಾಗ ಅಲ್ಲಿಯೂ ಖಾಲಿ. ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಿಂದೆ ಅಕ್ಕನಿಗೆ ಕಳಿಸಿದ್ದ ಮೂರು ಹಾಡುಗಳು ಅವಳ ಫೋನಿನಲ್ಲಿ ಉಳಿದಿದ್ದವು, ಉಳಿದವು ಸಿಗಲಿಲ್ಲ. ಸಿಂಕ್ ಎಂದರೆ ಎರಡು ಕಡೆ ಒಂದೇ ಆಗಿರುವಂತೆ ನೋಡಿಕೊಳ್ಳುವುದು, ಕಳೆದುಹೋಗುವುದೂ ಅದರಲ್ಲಿ ಸೇರಿದೆ.

ಇದಕ್ಕೆ ಪರಿಹಾರ ತಂತ್ರಾಂಶದೊಳಗೇ ಇದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ಫೋಲ್ಡರಿನ ಸೆಟ್ಟಿಂಗಿನಲ್ಲಿ ‘ಫೈಲ್ ವರ್ಷನಿಂಗ್’ ಎಂಬುದನ್ನು ತೆರೆದು ‘ಸ್ಟ್ಯಾಗರ್ಡ್’ ಎಂಬ ಬಗೆಯನ್ನು ಆರಿಸಿ. ಆಗ ಬೇರೆ ಯಂತ್ರದಿಂದ ಬಂದ ಅಳಿಸುವಿಕೆ ಅಥವಾ ತಿದ್ದುಪಡಿಯಿಂದ ಹೋಗಬೇಕಾದ ಹಳೆಯ ಪ್ರತಿಗಳನ್ನು ಅದು ಮರೆಯಲ್ಲಿರುವ ಇನ್ನೊಂದು ಫೋಲ್ಡರಿನಲ್ಲಿ ಎತ್ತಿಡುತ್ತದೆ: ಮೊದಲ ದಿನ ಗಂಟೆಗೊಂದರಂತೆ, ಒಂದು ತಿಂಗಳವರೆಗೆ ದಿನಕ್ಕೊಂದರಂತೆ, ಆಮೇಲೆ ವಾರಕ್ಕೊಂದರಂತೆ. ಬೇರೆ ಯಂತ್ರದಿಂದ ಬಂದ ಬದಲಾವಣೆಗೆ ಮಾತ್ರ ಈ ರಕ್ಷಣೆ ಎಂಬ ಮಾತನ್ನು ಗಮನಿಸಿ. ಲ್ಯಾಪ್‌ಟಾಪಿನಲ್ಲಿ ನೀವೇ ಅಳಿಸಿದ್ದನ್ನು ಲ್ಯಾಪ್‌ಟಾಪ್ ಎತ್ತಿಡುವುದಿಲ್ಲ, ಫೋನ್ ಎತ್ತಿಡುತ್ತದೆ. ಆದ್ದರಿಂದ ಎರಡೂ ಕಡೆ ಇದನ್ನು ಚಾಲೂ ಮಾಡಬೇಕು.

ಎರಡನೆಯ ಕಾರಣ ನೀವೇ ಬರೆದಿದ್ದೀರಿ. ಲ್ಯಾಪ್‌ಟಾಪ್, ಫೋನ್ ಎರಡೂ ಇರುವುದು ಅದೇ ಮನೆಯಲ್ಲಿ, ಅದೇ ನದಿಯ ಪಕ್ಕದಲ್ಲಿ. ಒಂದು ಪ್ರತಿ ಘಟ್ಟ ಹತ್ತಬೇಕು. ಶಿರಸಿಯಲ್ಲೋ ಯಲ್ಲಾಪುರದಲ್ಲೋ ನಿಮ್ಮ ತಂಗಿಯ ಮನೆಯೋ ಗೆಳೆಯರ ಮನೆಯೋ ಇದ್ದರೆ, ಅವರ ಕಂಪ್ಯೂಟರಿನೊಂದಿಗೆ ಈ ಫೋಲ್ಡರನ್ನು ಹಂಚಿಕೊಳ್ಳುವಾಗ ಒಂದು ಗುಪ್ತಪದ ಕೊಡಿ. ಅವರ ಕಡೆ ಆ ಫೋಲ್ಡರ್ ‘ರಿಸೀವ್ ಎನ್‌ಕ್ರಿಪ್ಟೆಡ್’ ಬಗೆಯದಾಗಿರುತ್ತದೆ. ಅಲ್ಲಿ ಕಡತದ ಹೆಸರೂ ಒಳಗಿನ ವಿಷಯವೂ ಸೇರಿ ಎಲ್ಲವೂ ಸಂಕೇತದಲ್ಲೇ ಇರುತ್ತವೆ. ತಂಗಿ ಇಟ್ಟುಕೊಳ್ಳಬಲ್ಲಳು, ತೆರೆಯಲಾರಳು. ಮನೆಯವರನ್ನೇ ನಂಬದಂತಾಯಿತಲ್ಲ ಎಂದು ಬೇಸರಿಸಬೇಡಿ: ಅವಳ ಕಂಪ್ಯೂಟರ್ ರಿಪೇರಿಗೆ ಹೋದಾಗ ಅಂಗಡಿಯವರು ನಿಮ್ಮ ಆಸ್ತಿಪತ್ರ ನೋಡಬಾರದು ಎಂಬುದಷ್ಟೇ ಇದರ ಉದ್ದೇಶ. ಗುಪ್ತಪದವನ್ನು ಕಾಗದದಲ್ಲಿ ಬರೆದು ನಿಮ್ಮ ಮನೆಯೂ ತಂಗಿಯ ಮನೆಯೂ ಅಲ್ಲದ ಇನ್ನೆಲ್ಲಾದರೂ ಇಡಿ, ಏಕೆಂದರೆ ಅದು ಕಳೆದರೆ ನಿಮಗೂ ತೆರೆಯಲಾಗುವುದಿಲ್ಲ. ಅವರ ಫೋಲ್ಡರಿನಲ್ಲಿಯೂ ವರ್ಷನಿಂಗ್ ಚಾಲೂ ಇರಲಿ.

ಎಲ್ಲ ಕಾಗದವೂ ಹಳೆಯ ಫೋಟೋಗಳೂ ಸೇರಿದರೆ ಹತ್ತಾರು ಜಿಬಿ ಆಗುತ್ತದೆ, ನಮ್ಮ ಕಡೆಯ ನೆಟ್‌ನಲ್ಲಿ ಅದು ವಾರಗಟ್ಟಲೆ ಹರಿಯುತ್ತದೆ. ಚೌತಿಗೆ ತಂಗಿ ತವರಿಗೆ ಬರುವಾಗ ಅವಳ ಲ್ಯಾಪ್‌ಟಾಪನ್ನು ತರಲು ಹೇಳಿ. ಹಬ್ಬದ ಎರಡು ದಿನ ಎರಡೂ ಯಂತ್ರಗಳು ಒಂದೇ ವೈಫೈನಲ್ಲಿದ್ದರೆ ದೊಡ್ಡ ಹೊರೆ ಅಲ್ಲಿಯೇ ಇಳಿಯುತ್ತದೆ. ಆಮೇಲೆ ವರ್ಷವಿಡೀ ಸೇರುವ ಒಂದೊಂದು ಕಾಗದ ಮಾತ್ರ ನೆಟ್‌ನಲ್ಲಿ ಹೋದರೆ ಸಾಕು. ಸರ್ಕಾರ ಕೊಟ್ಟ ಎಷ್ಟೋ ದಾಖಲೆಗಳು ಡಿಜಿಲಾಕರ್‌ನಲ್ಲಿ ಹೇಗೂ ಸಿಗುತ್ತವೆ. ಅಪ್ಪನ ಕೈಬರಹದ ಪಾಲುಪಟ್ಟಿ, ಮದುವೆಯ ಕಪ್ಪುಬಿಳುಪು ಫೋಟೋ ಅಲ್ಲಿ ಸಿಗುವುದಿಲ್ಲ. ಸ್ಕ್ಯಾನ್ ಮಾಡುವಾಗ ಮೊದಲು ಅವನ್ನು ಕೈಗೆತ್ತಿಕೊಳ್ಳಿ.

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ಮೀನು ವ್ಯಾಪಾರ. ಲೆಕ್ಕದ ತಂತ್ರಾಂಶವನ್ನು ಬಂದರಿನ ಕಂಪ್ಯೂಟರ್ ಮತ್ತು ಮನೆಯ ಕಂಪ್ಯೂಟರ್ ಎರಡರಲ್ಲೂ ಒಟ್ಟಿಗೆ ತೆರೆದಿಟ್ಟು ಸಿಂಕ್ ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಲೆಕ್ಕದ ತಂತ್ರಾಂಶ ತನ್ನ ಮಾಹಿತಿಯನ್ನು ಒಂದಕ್ಕೊಂದು ಹೆಣೆದ ಹಲವು ಕಡತಗಳಲ್ಲಿ ಇಡುತ್ತದೆ ಮತ್ತು ತೆರೆದಿರುವಷ್ಟು ಹೊತ್ತೂ ಅವುಗಳನ್ನು ಬದಲಿಸುತ್ತಿರುತ್ತದೆ. ಅವುಗಳಲ್ಲಿ ಎರಡು ಹೊಸದು, ಮೂರು ಹಳೆಯದು ಎಂಬಂತೆ ಸಾಗಿಸಿದರೆ ಖಾತೆಪುಸ್ತಕವೇ ತೆರೆಯದಂತಾಗಬಹುದು. ಬರೆಯುವ ಕಂಪ್ಯೂಟರ್ ಒಂದೇ ಇರಲಿ. ಸಂಜೆ ಹರಾಜು ಮುಗಿದು ಲೆಕ್ಕ ಮುಚ್ಚಿದ ಮೇಲೆ, ಆ ತಂತ್ರಾಂಶದ್ದೇ ಬ್ಯಾಕಪ್ ಆಯ್ಕೆಯಿಂದ ತೆಗೆದ ಕಡತವನ್ನು ಮಾತ್ರ ಹಂಚಿಕೆಯ ಫೋಲ್ಡರಿಗೆ ಹಾಕಿ, ಬಂದರಿನ ಕಡೆ ಅದನ್ನು ‘ಸೆಂಡ್ ಓನ್ಲಿ’ ಎಂದು ಗುರುತು ಮಾಡಿ. ಆಗ ಮನೆಯಲ್ಲಿ ಆಗುವ ಯಾವ ಬದಲಾವಣೆಯೂ ಬಂದರಿನ ಪ್ರತಿಯನ್ನು ಮುಟ್ಟುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯದ ದಿನಗಳಲ್ಲಿ ಇದನ್ನು ಜೋಡಿಸಿ, ಮನೆಗೆ ಬಂದ ಬ್ಯಾಕಪ್‌ನಿಂದ ಲೆಕ್ಕ ನಿಜವಾಗಿಯೂ ತೆರೆಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ ನೋಡಿ. ಆಗಸ್ಟ್‌ನಲ್ಲಿ ದೋಣಿ ಇಳಿದ ಮೇಲೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ.